ಪಾಸಿಟಿವ್ ಬಾಟಲಿಯಿಂದ ಯೀಸ್ಟಿನ ಹೆಸರಿನವರೆಗೆ: ಹಾಸನದ ಸಣ್ಣ ಲ್ಯಾಬೊಂದರ ಕೆಲಸದ ದಾಖಲೆ

ನಮ್ಮದು ಹಾಸನದ ಮಧ್ಯಮ ಗಾತ್ರದ ಆಸ್ಪತ್ರೆಯ ಮೈಕ್ರೊಬಯಾಲಜಿ ವಿಭಾಗ. ರಕ್ತದ ಕಲ್ಚರ್ ಬಾಟಲಿಗಳನ್ನು (ರಕ್ತದಲ್ಲಿ ಸೂಕ್ಷ್ಮಜೀವಿ ಇದೆಯೇ ಎಂದು ಬೆಳೆಸಿ ನೋಡುವ ಬಾಟಲಿ) ಇಟ್ಟು, ಬೆಳವಣಿಗೆ ಕಂಡರೆ ಕೂಗುವ ಯಂತ್ರ, ಎರಡನೇ ದರ್ಜೆಯ ಬಯೋಸೇಫ್ಟಿ ಕ್ಯಾಬಿನೆಟ್, ಒಂದು ಸೆಂಟ್ರಿಫ್ಯೂಜ್ ಮತ್ತು 37 ಡಿಗ್ರಿಗೆ ನಿಗದಿಯಾದ ಒಂದೇ ಇನ್‌ಕ್ಯುಬೇಟರ್ ಇವೆ. ಸೂಕ್ಷ್ಮಜೀವಿಯ ಪ್ರೋಟೀನ್ ನೋಡಿ ಹೆಸರು ಹೇಳುವ ಮಾಲ್ಡಿ-ಟಾಫ್ ಯಂತ್ರವಾಗಲಿ, ಡಿಎನ್‌ಎ ನೋಡಿ ಹೇಳುವ ಪಿಸಿಆರ್ ಪ್ಯಾನೆಲ್ ಆಗಲಿ ಇಲ್ಲ. ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ. ಬಾಟಲಿ ಪಾಸಿಟಿವ್ ಆಗಿ ಸ್ಲೈಡಿನಲ್ಲಿ ಯೀಸ್ಟ್ (ಒಂದೇ ಕೋಶದ ಶಿಲೀಂಧ್ರ) ಕಂಡರೆ, 'ಯೀಸ್ಟ್ ಕಂಡಿದೆ, ಪ್ರಭೇದ ತಿಳಿಸಲಾಗುವುದು' ಎಂದು ವರದಿ ಬರೆಯುತ್ತಿದ್ದೆವು. ಕಾಲೊನಿ ಬೆಳೆದ ಮೇಲೆ ಸುಮಾರು 185 ಕಿ.ಮೀ. ದೂರದ ಬೆಂಗಳೂರಿಗೆ ಕೊರಿಯರ್ ಮಾಡುತ್ತಿದ್ದೆವು. ಹೆಸರು ವಾಪಸ್ ಬರುವ ಹೊತ್ತಿಗೆ ಐಸಿಯುನಲ್ಲಿ ಔಷಧಿ ಶುರುವಾಗಿ ಎಷ್ಟೋ ದಿನ ಕಳೆದಿರುತ್ತಿತ್ತು.

ಐಸಿಯು ಡಾಕ್ಟರ್ ಫೋನಿನಲ್ಲಿ ಪ್ರತಿ ಬಾರಿ ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಫ್ಲುಕೋನಜೋಲ್ ನಂಬಬಹುದೇ?" ಅದು ಯೀಸ್ಟ್ ಸೋಂಕಿಗೆ ಕೊಡುವ ಔಷಧಿ, ಆದರೆ ಎಲ್ಲ ಪ್ರಭೇದಗಳಿಗೂ ನಾಟುವುದಿಲ್ಲ. ಆ ಪ್ರಶ್ನೆಗೆ ಅದೇ ಸಂಜೆ ಅರ್ಧ ಉತ್ತರವನ್ನಾದರೂ ಕೊಡಬೇಕು, ಎರಡು ದಿನದೊಳಗೆ ಮುಕ್ಕಾಲು ಉತ್ತರ ಕೊಡಬೇಕು ಎಂದು ಹೊರಟ ಕೆಲಸ ಇದು. ನಮ್ಮಂತೆಯೇ ಇರುವ ಚಿಕ್ಕಮಗಳೂರು, ಸಕಲೇಶಪುರ, ಅರಸೀಕೆರೆ ಕಡೆಯ ಲ್ಯಾಬಿನವರಿಗೆ ಉಪಯೋಗಕ್ಕೆ ಬರಲಿ ಎಂದು, ಸರಿಹೋದದ್ದನ್ನೂ ಸರಿಹೋಗದದ್ದನ್ನೂ ಮಾಡಿದ ಕ್ರಮದಲ್ಲೇ ಬರೆದಿದ್ದೇನೆ.

ಹಂತ 1: ಬಾಟಲಿ ಕೂಗಿದ ಮೊದಲ ಅರ್ಧ ಗಂಟೆ

ಕ್ಯಾಬಿನೆಟ್ ಒಳಗೆ ಬಾಟಲಿಯಿಂದ ಒಂದು ಹನಿ ತೆಗೆದು ಗ್ರಾಂ ಸ್ಟೇನ್ (ಬಣ್ಣ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡುವುದು). ಇದು ಎಲ್ಲ ಲ್ಯಾಬಿನಲ್ಲೂ ಆಗುವ ಕೆಲಸವೇ. ನಾವು ಹೊಸದಾಗಿ ಸೇರಿಸಿದ್ದು ಎರಡು.

ಮೊದಲನೆಯದು, ಅದೇ ಹನಿಗೆ ಇಂಡಿಯಾ ಇಂಕ್ ಎಂಬ ಕಪ್ಪು ಶಾಯಿ ಬೆರೆಸಿ ನೋಡುವುದು. ರಕ್ತದಲ್ಲಿ ಯೀಸ್ಟ್ ಎಂದರೆ ಕ್ಯಾಂಡಿಡಾ ಎಂದೇ ಮನಸ್ಸು ಓಡುತ್ತದೆ (ಮುಂದೆ ಬರುವ ಆಲ್ಬಿಕನ್ಸ್, ಟ್ರಾಪಿಕಾಲಿಸ್, ಗ್ಲಾಬ್ರೇಟಾ, ಕ್ರುಸಿ ಎಲ್ಲ ಈ ಗುಂಪಿನ ಪ್ರಭೇದಗಳು). ಅದು ಕವಚವಿರುವ ಕ್ರಿಪ್ಟೊಕಾಕಸ್ ಎಂಬ ಬೇರೆ ಯೀಸ್ಟ್ ಆಗಿದ್ದರೆ ಕ್ಯಾಸ್ಪೊಫಂಗಿನ್, ಮೈಕಾಫಂಗಿನ್‌ನಂಥ ಎಕಿನೋಕ್ಯಾಂಡಿನ್ ಔಷಧಿಗಳು ಕೆಲಸ ಮಾಡುವುದಿಲ್ಲ; ಐಸಿಯುನಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಅವನ್ನೇ. ಎರಡು ನಿಮಿಷದ ಕೆಲಸ, ಒಂದು ಸ್ಲೈಡ್ ಖರ್ಚು. ಕೋಶದ ಸುತ್ತ ಸ್ಪಷ್ಟವಾದ ಬಿಳಿ ಕವಚ ಕಂಡರೆ ಫೋನ್ ಎತ್ತಬೇಕು. ಕಾಣದಿದ್ದರೆ 'ಅಲ್ಲ' ಎಂದು ಹೇಳುವಂತಿಲ್ಲ, ಏಕೆಂದರೆ ಬಾಟಲಿಯಲ್ಲಿ ಬೆಳೆದ ಕ್ರಿಪ್ಟೊಕಾಕಸ್‌ನ ಕವಚ ತೆಳ್ಳಗಿರಬಹುದು. ಯೂರಿಯೇಸ್ (ಕ್ರಿಪ್ಟೊಕಾಕಸ್‌ನಲ್ಲಿರುವ, ಯೂರಿಯಾ ಒಡೆಯುವ ಕಿಣ್ವ) ನೋಡಿದ ಮೇಲೆಯೇ ಅದನ್ನು ಕೈಬಿಡುತ್ತೇವೆ.

ಎರಡನೆಯದು, ಯಾವ ಬಾಟಲಿ ಮೊದಲು ಪಾಸಿಟಿವ್ ಆಯಿತು ಎಂದು ರಿಜಿಸ್ಟರಿನಲ್ಲಿ ಬರೆಯುವುದು. ಕ್ಯಾಂಡಿಡಾ ಗ್ಲಾಬ್ರೇಟಾ ಅನೇರೋಬಿಕ್ (ಆಮ್ಲಜನಕವಿಲ್ಲದ) ಬಾಟಲಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ. ಉಳಿದ ಹೆಚ್ಚಿನವು ಏರೋಬಿಕ್‌ನಲ್ಲಿ (ಆಮ್ಲಜನಕವಿರುವುದರಲ್ಲಿ) ಮೊದಲು ಬರುತ್ತವೆ. ಅನೇರೋಬಿಕ್ ಮೊದಲು ಕೂಗಿ, ಸ್ಲೈಡಿನಲ್ಲಿ ಎಳೆಗಳೇ ಇಲ್ಲದ ಪುಟ್ಟ ಪುಟ್ಟ ಮೊಗ್ಗಿನ ಕೋಶಗಳಿದ್ದರೆ ಗ್ಲಾಬ್ರೇಟಾ ಎಂಬ ಅನುಮಾನ ಅಲ್ಲಿಂದಲೇ ಶುರು. ಅದರ ಮೇಲೆ ಫ್ಲುಕೋನಜೋಲ್ ಸರಿಯಾಗಿ ನಾಟುವುದಿಲ್ಲ. ಪೀಡಿಯಾಟ್ರಿಕ್ ಬಾಟಲಿ ಒಂದೇ ಬರುವ ಶಿಶುಗಳ ವಿಭಾಗಕ್ಕೆ ಈ ಸುಳಿವು ಒದಗುವುದಿಲ್ಲ.

ಹಂತ 2: ರಕ್ತವನ್ನು ಕಳೆಯುವುದು

ಕಾಲೊನಿ ಬೆಳೆಯುವವರೆಗೆ ಕಾಯದೆ ಬಾಟಲಿಯಿಂದ ನೇರವಾಗಿ ಪರೀಕ್ಷೆ ಮಾಡಬೇಕೆಂದರೆ ದೊಡ್ಡ ಅಡ್ಡಿ ಕೆಂಪು ರಕ್ತಕಣ. ನಾವು ಮಾಡಿ ನೋಡಿದ್ದು ಹೀಗೆ:

ಬಾಟಲಿಯ ಹನಿಯನ್ನು ನೇರವಾಗಿ ಸೀರಂಗೆ (ರಕ್ತದ ತಿಳಿ ದ್ರವ; ಹಂತ 3ರ ಜರ್ಮ್ ಟ್ಯೂಬ್ ಪರೀಕ್ಷೆಗೆ ಬೇಕಾದದ್ದು) ಹಾಕಿದೆವು. ಮೂರು ಗಂಟೆಯ ನಂತರ 40ರ ಲೆನ್ಸಿನಲ್ಲಿ ರಕ್ತಕಣಗಳ ರಾಶಿ; ಅವುಗಳ ನಡುವೆ ಯೀಸ್ಟ್ ಹುಡುಕುವುದೇ ಸಾಹಸ. ಕೋಶದಿಂದ ಹೊರಟ ಎಳೆಯೋ, ಪಕ್ಕದ ಫೈಬ್ರಿನ್ ಎಳೆಯೋ ಎಂದು ನಿರ್ಧರಿಸಲು ಇಬ್ಬರಿಗೂ ಆಗಲಿಲ್ಲ. ಕೈಬಿಟ್ಟೆವು.

ಕಡಿಮೆ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ರಕ್ತಕಣವನ್ನು ಕೆಳಗೆ ಕೂರಿಸಿ, ಮೇಲಿನ ದ್ರವ ತೆಗೆದುಕೊಂಡೆವು. ಬ್ಯಾಕ್ಟೀರಿಯಕ್ಕೆ ಈ ವಿಧಾನ ನಡೆಯುತ್ತದೆ. ಯೀಸ್ಟ್ ಕೋಶದ ಗಾತ್ರ ರಕ್ತಕಣಕ್ಕೆ ಹತ್ತಿರ ಹತ್ತಿರವೇ ಇರುವುದರಿಂದ ಅದೂ ರಕ್ತಕಣದ ಜೊತೆಗೆ ಕೆಳಗೆ ಕೂತಿತು. ಮೇಲಿನ ದ್ರವದಲ್ಲಿ ಉಳಿದದ್ದು ಬಲು ಕಡಿಮೆ.

ಕೊನೆಗೆ ಸರಿಹೋಗಿದ್ದು ಸ್ಟೆರೈಲ್ ಡಿಸ್ಟಿಲ್ಡ್ ವಾಟರ್. ನೀರು ಒಳನುಗ್ಗಿ ರಕ್ತಕಣ ಒಡೆಯುತ್ತದೆ. ಯೀಸ್ಟಿಗೆ ಗಟ್ಟಿ ಕೋಶಭಿತ್ತಿ ಇರುವುದರಿಂದ ಅದು ಉಳಿಯುತ್ತದೆ. ಈಗ ನಾವು ಅನುಸರಿಸುತ್ತಿರುವ ಕ್ರಮ: ಮುಚ್ಚಳವಿರುವ 15 ಮಿ.ಲೀ. ಟ್ಯೂಬಿಗೆ ಬಾಟಲಿಯ ದ್ರವ 1 ಮಿ.ಲೀ., ಡಿಸ್ಟಿಲ್ಡ್ ವಾಟರ್ 9 ಮಿ.ಲೀ.; ನಾಲ್ಕೈದು ಬಾರಿ ಮೇಲೆ ಕೆಳಗೆ ಮಾಡಿ 10 ನಿಮಿಷ ಬಿಡುವುದು; 3000 ಆರ್‌ಪಿಎಂನಲ್ಲಿ 10 ನಿಮಿಷ; ಮೇಲಿನ ಕೆಂಪು ನೀರನ್ನು ಕ್ಯಾಬಿನೆಟ್ ಒಳಗೆ ಸೋಂಕುನಾಶಕದ ಪಾತ್ರೆಗೆ ತೆಗೆಯುವುದು; ಮತ್ತೊಮ್ಮೆ ಇದೇ ತೊಳೆತ. ಎರಡನೇ ತೊಳೆತದ ನಂತರ ಟ್ಯೂಬಿನ ತುದಿಯಲ್ಲಿ ಮಾಸಲು ಬಿಳಿಯ ಸಣ್ಣ ಗುಂಡಿಯಷ್ಟು ಉಳಿಯುತ್ತದೆ. ಒಡೆದ ರಕ್ತಕಣಗಳ ಸಿಪ್ಪೆ ಅದರಲ್ಲಿ ಇದ್ದೇ ಇರುತ್ತದೆ, ಆದರೆ ಅದು ಮಸುಕಾಗಿರುವುದರಿಂದ ಯೀಸ್ಟ್ ಎದ್ದು ಕಾಣುತ್ತದೆ.

ರೆಸಿನ್ ಮಣಿಗಳಿರುವ ಬಾಟಲಿಯಾದರೆ ಐದು ನಿಮಿಷ ನೆಟ್ಟಗೆ ನಿಲ್ಲಿಸಿ, ಮಣಿ ಕೆಳಗೆ ಕೂತ ಮೇಲೆ ದ್ರವ ಎಳೆಯಬೇಕು. ಸೂಜಿಯ ಮುಚ್ಚಳವನ್ನು ಮರಳಿ ಹಾಕಲೇಬಾರದು, ನೇರ ಶಾರ್ಪ್ಸ್ ಡಬ್ಬಿಗೆ. ಸೆಂಟ್ರಿಫ್ಯೂಜ್ ಬಕೆಟ್ಟಿನ ಮುಚ್ಚಳ ತೆರೆಯುವುದೂ ಕ್ಯಾಬಿನೆಟ್ ಒಳಗೇ.

ಖರ್ಚು: ಎರಡು ಟ್ಯೂಬ್, ನೀರು, ಸಿರಿಂಜ್. ಒಂದು ಮಾದರಿಗೆ 40 ರೂಪಾಯಿ ದಾಟುವುದಿಲ್ಲ.

ಹಂತ 3: ಜರ್ಮ್ ಟ್ಯೂಬ್

ಇಡೀ ಕೆಲಸದ ಬೆನ್ನೆಲುಬು ಇದೇ, ಹೆಚ್ಚು ಬಾರಿ ಕೈಕೊಟ್ಟಿದ್ದೂ ಇದೇ.

ಸೀರಂನಲ್ಲಿ 37 ಡಿಗ್ರಿಯಲ್ಲಿ ಎರಡರಿಂದ ಮೂರು ಗಂಟೆ ಇಟ್ಟರೆ ಕ್ಯಾಂಡಿಡಾ ಆಲ್ಬಿಕನ್ಸ್ ಕೋಶದಿಂದ ಒಂದು ಕೊಳವೆ ಹೊರಡುತ್ತದೆ. ಅದು ಕೋಶವನ್ನು ಬಿಟ್ಟು ಹೊರಡುವ ಜಾಗದಲ್ಲಿ ಕುತ್ತಿಗೆ ಹಿಸುಕಿದಂತೆ ಸಣ್ಣಗಾಗಿರಬಾರದು. ರಾತ್ರಿ ನೆನೆಸಿ ಬಟ್ಟೆಯಲ್ಲಿ ಕಟ್ಟಿದ ಹೆಸರುಕಾಳಿನ ಮೊಳಕೆ ಹೇಗೆ ಕಾಳಿನಿಂದ ಒಂದೇ ದಪ್ಪದಲ್ಲಿ ಹೊರಬರುತ್ತದೆಯೋ, ಸರಿಯಾದ ಜರ್ಮ್ ಟ್ಯೂಬ್ ಹಾಗೆಯೇ ಕಾಣುತ್ತದೆ. ಬುಡದಲ್ಲಿ ಗೆರೆ ಹಾಕಿದಂತೆ ಸಣ್ಣಗಾಗಿದ್ದರೆ ಅದು ಉದ್ದನೆಯ ಮೊಗ್ಗು, ಅಂದರೆ ಸ್ಯೂಡೋಹೈಫಾ. ಲೆಕ್ಕಕ್ಕಿಲ್ಲ.

ಬಳಸುವ ಪ್ರಮಾಣ: ಚಿಕ್ಕ ಗಾಜಿನ ಟ್ಯೂಬಿನಲ್ಲಿ 0.5 ಮಿ.ಲೀ. ಸೀರಂ, ಹಂತ 2ರ ಗುಂಡಿಯಿಂದ ಪಾಶ್ಚರ್ ಪಿಪೆಟ್ಟಿನ ತುದಿ ತಾಗಿಸಿದಷ್ಟು ಯೀಸ್ಟ್. ಪಕ್ಕದಲ್ಲಿ ಫಲ ಮೊದಲೇ ಗೊತ್ತಿರುವ ಎರಡು ಕಂಟ್ರೋಲ್ ಟ್ಯೂಬ್ ಕಡ್ಡಾಯ: ಕೊಳವೆ ಬಿಡುವ ಆಲ್ಬಿಕನ್ಸ್ ಎಟಿಸಿಸಿ 90028 ಮತ್ತು ಬಿಡದ ಟ್ರಾಪಿಕಾಲಿಸ್ ಎಟಿಸಿಸಿ 750 (ಎಟಿಸಿಸಿ ಎಂದರೆ ಪ್ರಮಾಣಿತ ತಳಿಗಳ ಸಂಗ್ರಹ).

ಎಲ್ಲೆಲ್ಲಿ ತಪ್ಪು ಫಲ ಬಂತು ಎಂಬುದನ್ನು ಬಿಡಿಸಿಯೇ ಬರೆಯಬೇಕು, ಏಕೆಂದರೆ ಕಿಟ್ಟಿನ ಕಾಗದದಲ್ಲಿ ಇವು ಒಂದೊಂದು ಸಾಲಿನಲ್ಲಿ ಮುಗಿದುಹೋಗಿರುತ್ತವೆ.

ಯೀಸ್ಟ್ ಹೆಚ್ಚಾದದ್ದು. ಗುಂಡಿಯಿಂದ ಧಾರಾಳವಾಗಿ ತೆಗೆದು ಹಾಕಿದ ದಿನಗಳಲ್ಲಿ ಕಂಟ್ರೋಲ್ ಆಲ್ಬಿಕನ್ಸ್ ಕೂಡ ಮೊಳಕೆ ಒಡೆಯಲಿಲ್ಲ. ಕೋಶಗಳ ದಟ್ಟಣೆ ಹೆಚ್ಚಾದರೆ ಜರ್ಮ್ ಟ್ಯೂಬ್ ಬರುವುದು ನಿಲ್ಲುತ್ತದೆ. ಈಗ ಸೀರಂ ಕಂಡೂ ಕಾಣದಷ್ಟು ಮಬ್ಬಾದರೆ ಸಾಕು ಎಂದು ಅಳತೆ ಇಟ್ಟುಕೊಂಡಿದ್ದೇವೆ. ಟ್ಯೂಬಿನ ಹಿಂದೆ ಮುದ್ರಿತ ಕಾಗದ ಹಿಡಿದರೆ ಅಕ್ಷರ ಸರಾಗವಾಗಿ ಓದಲು ಬರಬೇಕು.

ಸೀರಂ. ಬಯೋಕೆಮಿಸ್ಟ್ರಿಯಲ್ಲಿ ಉಳಿದ ಸೀರಂ ಒಟ್ಟುಗೂಡಿಸಿ ಬಳಸಲು ಹೊರಟೆವು. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ನೆಗೆಟಿವ್ ಇರುವ ಮಾದರಿಗಳನ್ನೇ ಆರಿಸಿದ್ದೆವು. ಆದರೂ ಒಂದು ಬ್ಯಾಚಿನಲ್ಲಿ ಕಂಟ್ರೋಲ್ ಸಪ್ಪೆಯಾಯಿತು. ಹಿಂದೆ ಹೋಗಿ ನೋಡಿದರೆ ಅದರಲ್ಲಿ ಫ್ಲುಕೋನಜೋಲ್ ಪಡೆಯುತ್ತಿದ್ದ ರೋಗಿಯ ಸೀರಂ ಸೇರಿತ್ತು. ಫ್ಲುಕೋನಜೋಲ್‌ನಂಥ ಅಜೋಲ್ ಔಷಧಿ ಎಳೆ ಬೆಳೆಯುವುದನ್ನು ತಡೆಯುತ್ತದೆ. ಅಂದಿನಿಂದ ಫೀಟಲ್ ಬೊವೈನ್ ಸೀರಂ (ದನದ ಭ್ರೂಣದ ಸೀರಂ) ತರಿಸಿ, 0.5 ಮಿ.ಲೀ.ನಂತೆ ಹಂಚಿ ಮೈನಸ್ 20 ಡಿಗ್ರಿಯಲ್ಲಿ ಇಟ್ಟಿದ್ದೇವೆ. ಬಾಟಲಿ ದುಬಾರಿ, ಸಾವಿರಗಳ ಲೆಕ್ಕ. ಹಂಚಿದಾಗ ಒಂದು ಪರೀಕ್ಷೆಗೆ ಸುಮಾರು 30 ರೂಪಾಯಿ ಬೀಳುತ್ತದೆ. ಕರಗಿಸಿದ್ದನ್ನು ಮತ್ತೆ ಫ್ರೀಜ್ ಮಾಡುವುದಿಲ್ಲ. ಸೀರಂ ಮುಗಿದು ಪಾರ್ಸೆಲ್ ತಡವಾದಾಗ ಕೋಳಿಮೊಟ್ಟೆಯ ಬಿಳಿಭಾಗದಲ್ಲಿ ಇಟ್ಟು ನೋಡಿದೆವು. ಮೊಳಕೆ ಬಂತು, ಆದರೆ ದ್ರವ ಲೋಳೆಯಾಗಿರುವುದರಿಂದ ಸ್ಲೈಡ್ ಮಾಡುವುದು ಕಿರಿಕಿರಿ. ತುರ್ತಿಗೆ ಅಡ್ಡಿಯಿಲ್ಲ.

ಸಮಯ. ಮೂರು ಗಂಟೆ ದಾಟಿದರೆ ಟ್ರಾಪಿಕಾಲಿಸ್ ಕೂಡ ಉದ್ದುದ್ದ ಎಳೆ ಬಿಡಲು ಶುರುಮಾಡುತ್ತದೆ, ಆಗ ಕಣ್ಣು ಮೋಸಹೋಗುತ್ತದೆ. ಮಧ್ಯಾಹ್ನ ಇಟ್ಟ ಟ್ಯೂಬನ್ನು ಸಂಜೆಯ ಡ್ಯೂಟಿಯವರು ನೋಡಲಿ ಎಂದು ಬಿಡುವ ಪದ್ಧತಿಯನ್ನು ಇದಕ್ಕಾಗಿಯೇ ನಿಲ್ಲಿಸಿದೆವು. ಇಟ್ಟವರೇ ಟೈಮರ್ ಹಾಕಿಕೊಂಡು ಎರಡು ಗಂಟೆಯಾದಾಗ ಒಮ್ಮೆ, ಮೂರು ಗಂಟೆಯಾದಾಗ ಒಮ್ಮೆ ನೋಡಿ ಸಹಿ ಮಾಡಬೇಕು. ನಮ್ಮ ದೇಶದಲ್ಲಿ ಇದಕ್ಕೆ ಹೆಚ್ಚು ಮಹತ್ವವಿದೆ. 27 ಐಸಿಯುಗಳನ್ನು ಒಳಗೊಂಡು 2015ರಲ್ಲಿ ಪ್ರಕಟವಾದ ಭಾರತದ ಅಧ್ಯಯನದಲ್ಲಿ ರಕ್ತದ ಕ್ಯಾಂಡಿಡಾಗಳಲ್ಲಿ ಶೇ 40ಕ್ಕೂ ಹೆಚ್ಚು ಟ್ರಾಪಿಕಾಲಿಸ್ ಆಗಿತ್ತು. ಪಾಶ್ಚಾತ್ಯ ಪುಸ್ತಕ ಓದಿ 'ಹೆಚ್ಚಿನವು ಆಲ್ಬಿಕನ್ಸ್' ಎಂದು ನಂಬಿ ಕೂತರೆ ಇಲ್ಲಿ ತಪ್ಪುತ್ತದೆ.

37 ಡಿಗ್ರಿ. ಬಾಗಿಲು ತೆಗೆದು ಹಾಕಿ ಮಾಡುವ ಇನ್‌ಕ್ಯುಬೇಟರಿನಲ್ಲಿ, ಗಾಳಿಯಲ್ಲಿ ನಿಂತ ಟ್ಯೂಬಿನ ಸೀರಂ ಬಿಸಿಯಾಗಲು ಬಹಳ ಹೊತ್ತು ಬೇಕು. ಡಿಸೆಂಬರಿನ ಬೆಳಗಿನಲ್ಲಿ ಫ್ರೀಜರಿನಿಂದ ತೆಗೆದ ಸೀರಂಗೆ ಆ ಸಮಯವೇ ಮುಕ್ಕಾಲು ಗಂಟೆ ತಿಂದಿತು. ಈಗ ಸೀರಂ ಟ್ಯೂಬನ್ನು ವಾಟರ್ ಬಾತ್‌ನಲ್ಲಿ ಮೊದಲೇ 37ಕ್ಕೆ ತಂದು ಆಮೇಲೆ ಯೀಸ್ಟ್ ಸೇರಿಸುತ್ತೇವೆ. ಗಡಿಯಾರ ಶುರುವಾಗುವುದು ಅಲ್ಲಿಂದ.

ಪಾಸಿಟಿವ್ ಬಂದರೆ ಆಲ್ಬಿಕನ್ಸ್ ಎಂದು ಅಂದೇ ಸಂಜೆ ಫೋನಿನಲ್ಲಿ ಹೇಳುತ್ತೇವೆ. ಅದಕ್ಕೆ ಹತ್ತಿರದ ಪ್ರಭೇದ ಡಬ್ಲಿನಿಯೆನ್ಸಿಸ್ ಕೂಡ ಪಾಸಿಟಿವ್ ಬರುತ್ತದೆ ಎಂಬುದನ್ನು ಬರಹದ ವರದಿಯಲ್ಲಿ ಸೇರಿಸುತ್ತೇವೆ. ನೆಗೆಟಿವ್ ಬಂದರೆ 'ಆಲ್ಬಿಕನ್ಸ್ ಅಲ್ಲದಿರುವ ಸಾಧ್ಯತೆ ಹೆಚ್ಚು' ಎನ್ನುತ್ತೇವೆ, 'ಅಲ್ಲ' ಎನ್ನುವುದಿಲ್ಲ. ಆಲ್ಬಿಕನ್ಸ್‌ನಲ್ಲೇ ನೂರಕ್ಕೆ ಐದರಷ್ಟು ತಳಿಗಳು ಮೊಳಕೆ ಬಿಡುವುದಿಲ್ಲ.

ಹಂತ 4: ಬಣ್ಣದ ಪ್ಲೇಟು

ಅದೇ ಗುಂಡಿಯಿಂದ ಅದೇ ಹೊತ್ತಿಗೆ ನಾಲ್ಕು ಬಗೆಯ ಅಗಾರಿನ (ಸೂಕ್ಷ್ಮಜೀವಿ ಬೆಳೆಸುವ ಗಟ್ಟಿ ಮೀಡಿಯಾ) ಮೇಲೆ ಹಚ್ಚುತ್ತೇವೆ: ಸಬುರೋ ಅಗಾರ್, ಬ್ಲಡ್ ಅಗಾರ್, ಪ್ರಭೇದಕ್ಕೆ ತಕ್ಕ ಬಣ್ಣ ತೋರಿಸುವ ಕ್ರೋಮೋಜೆನಿಕ್ ಕ್ಯಾಂಡಿಡಾ ಅಗಾರ್, ಯೂರಿಯಾ ಸ್ಲಾಂಟ್ (ಟ್ಯೂಬಿನಲ್ಲಿ ಓರೆಯಾಗಿ ಗಟ್ಟಿಯಾದ ಅಗಾರ್). ಬ್ಲಡ್ ಅಗಾರ್ ಯಾಕೆಂದರೆ ಯೀಸ್ಟಿನ ಜೊತೆ ಬ್ಯಾಕ್ಟೀರಿಯವೂ ಸೇರಿರುವುದುಂಟು.

ಕ್ರೋಮೋಜೆನಿಕ್ ಅಗಾರಿನಲ್ಲಿ ಆಲ್ಬಿಕನ್ಸ್ ಹಸಿರು, ಟ್ರಾಪಿಕಾಲಿಸ್ ಉಕ್ಕಿನ ನೀಲಿ, ಕ್ರುಸಿ ಗುಲಾಬಿ ಬಣ್ಣದ ಒರಟು ಅಂಚಿನ ಚಪ್ಪಟೆ ಕಾಲೊನಿ. ಈ ಮೂರನ್ನು ನಂಬಬಹುದು. ಉಳಿದವು ಬಿಳಿಯಿಂದ ನಸು ನೇರಳೆಯವರೆಗೆ. ಕಂಪನಿಯಿಂದ ಕಂಪನಿಗೆ ಛಾಯೆ ಬೇರೆ. ಅಲ್ಲಿ ಬಣ್ಣ ನೋಡಿ ಹೆಸರು ಹೇಳಲು ಹೋಗಬಾರದು.

ರೆಡಿ ಪ್ಲೇಟುಗಳು ಬೇಗ ಎಕ್ಸ್‌ಪೈರಿ ಆಗುತ್ತವೆ, ನಮ್ಮಲ್ಲಿ ಯೀಸ್ಟ್ ಅಷ್ಟು ಬರುವುದಿಲ್ಲ. ಹಾಗಾಗಿ ಪುಡಿ ತರಿಸಿ ಬೇಕಾದಷ್ಟೇ ಮಾಡಿಕೊಳ್ಳುತ್ತೇವೆ. ಇದನ್ನು ಕುದಿಸಿ ಕರಗಿಸಬೇಕು, ಆಟೋಕ್ಲೇವ್ ಮಾಡಬಾರದು. ಉಳಿದೆಲ್ಲ ಮೀಡಿಯಾ ಜೊತೆ ಅಭ್ಯಾಸಬಲದಿಂದ ಆಟೋಕ್ಲೇವ್ ಒಳಗೆ ಹೋದ ಬ್ಯಾಚ್ ಕಂದಾಗಿ ಹೊರಬಂತು. ಕಂಟ್ರೋಲ್ ಆಲ್ಬಿಕನ್ಸ್ ಹಸಿರಾಗಲೇ ಇಲ್ಲ. ಈಗ ಡಬ್ಬಿಯ ಮೇಲೆ ಕೆಂಪು ಇಂಕಿನಲ್ಲಿ ಬರೆದಿದೆ. ಮಾಡಿದ ಪ್ಲೇಟುಗಳನ್ನು ಕಪ್ಪು ಕವರಿನಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಡಬೇಕು, ಬೆಳಕಿಗೆ ಬಣ್ಣದ ಸತ್ವ ಕೆಡುತ್ತದೆ. ಓದುವಾಗ ಮಾತ್ರ ಕಿಟಕಿಯ ಹಗಲು ಬೆಳಕೇ ಬೇಕು. ಟ್ಯೂಬ್‌ಲೈಟಿನಡಿ ನೀಲಿ ಎಂದದ್ದು ಹೊರಗೆ ತಂದಾಗ ನೇರಳೆ ಆದದ್ದುಂಟು. 24 ಗಂಟೆಗೆ ನೋಡಿ ಪೆನ್ಸಿಲ್ಲಿನಲ್ಲಿ ಬರೆಯುತ್ತೇವೆ, 48 ಗಂಟೆಗೆ ಪೆನ್ನಿನಲ್ಲಿ.

ಈ ಪ್ಲೇಟು ನಮಗೆ ಕೊಟ್ಟ ದೊಡ್ಡ ಲಾಭ ಬೇರೆಯೇ ಇದೆ. ಜರ್ಮ್ ಟ್ಯೂಬ್ ಪಾಸಿಟಿವ್ ಎಂದು ನೆಮ್ಮದಿಯಾಗಿದ್ದ ಒಂದು ಮಾದರಿಯಲ್ಲಿ ಹಸಿರಿನ ನಡುವೆ ನಾಲ್ಕಾರು ತಿಳಿ ನೇರಳೆ ಕಾಲೊನಿಗಳು ಎದ್ದವು. ಎರಡು ಯೀಸ್ಟ್ ಒಟ್ಟಿಗೆ. ಸಬುರೋ ಮೇಲೆ ಎರಡೂ ಒಂದೇ ಕೆನೆ ಬಣ್ಣ. ಅಲ್ಲಿಂದ ಒಂದು ಕಾಲೊನಿ ಎತ್ತಿ ಕಳುಹಿಸಿದ್ದರೆ ಇನ್ನೊಂದರ ಸುದ್ದಿಯೇ ಯಾರಿಗೂ ಸಿಗುತ್ತಿರಲಿಲ್ಲ.

ಕ್ರುಸಿ ಬಂದರೆ ಕಾಯುವ ಮಾತೇ ಇಲ್ಲ. ಅದಕ್ಕೆ ಫ್ಲುಕೋನಜೋಲ್ ಹುಟ್ಟಿನಿಂದಲೇ ನಾಟುವುದಿಲ್ಲ. ಈಗ ಅದಕ್ಕೆ ಪಿಚಿಯಾ ಕುಡ್ರಿಯಾವ್ಜೆವಿ ಎಂಬ ಹೆಸರು ಬಂದಿದೆ. ವರದಿಯಲ್ಲಿ ಎರಡೂ ಹೆಸರು ಬರೆಯುತ್ತೇವೆ, ವಾರ್ಡಿನ ಡಾಕ್ಟರಿಗೆ ಗೊಂದಲವಾಗಬಾರದು.

ಹಂತ 5: ಜೋಳದ ಅಗಾರ್

ಕಾರ್ನ್ ಮೀಲ್ ಅಗಾರಿನಲ್ಲಿ ಲೂಪಿನಿಂದ ಗೆರೆ ಎಳೆದು, ಮೇಲೆ ಕವರ್‌ಸ್ಲಿಪ್ ಮುಚ್ಚಿ, 25 ಡಿಗ್ರಿಯ ಆಸುಪಾಸಿನಲ್ಲಿ 48ರಿಂದ 72 ಗಂಟೆ ಇಟ್ಟು ಪ್ಲೇಟನ್ನೇ ಮೈಕ್ರೋಸ್ಕೋಪಿನಡಿ ನೋಡುವ ಹಳೆಯ ಪದ್ಧತಿ. ಎಳೆ ಬಿಡುತ್ತದೆಯೇ, ಮೊಗ್ಗುಗಳು ಎಳೆಯ ಎಲ್ಲಿ ಕೂರುತ್ತವೆ, ತುದಿಯಲ್ಲಿ ದಪ್ಪಗೋಡೆಯ ದುಂಡು ಕ್ಲಾಮಿಡೋಸ್ಪೋರ್ ಇದೆಯೇ ಎಂದು ನೋಡಬೇಕು. ಗ್ಲಾಬ್ರೇಟಾ ಎಳೆಯೇ ಬಿಡುವುದಿಲ್ಲ. ಟ್ರಾಪಿಕಾಲಿಸ್ ಉದ್ದ ಎಳೆಗಳುದ್ದಕ್ಕೂ ಒಂಟಿ, ಜೋಡಿ ಮೊಗ್ಗು ಬಿಡುತ್ತದೆ. ಆಲ್ಬಿಕನ್ಸ್‌ನಲ್ಲಿ ಕ್ಲಾಮಿಡೋಸ್ಪೋರ್ ಮತ್ತು ಗೊಂಚಲು.

ಮೀಡಿಯಾವನ್ನು ಇಲ್ಲಿಯೇ ಮಾಡಿದೆವು. ಕಿರಾಣಿ ಅಂಗಡಿಯಲ್ಲಿ 'ಕಾರ್ನ್ ಫ್ಲೋರ್' ಎಂದು ಸಿಗುವ ಬಿಳಿ ಪುಡಿ ಶುದ್ಧ ಪಿಷ್ಟ. ಅದು ಗಂಜಿಯಾಗಿ ಹೆಪ್ಪುಗಟ್ಟಿ ಬೆಳಕೇ ದಾಟದ ಪ್ಲೇಟಾಯಿತು. ಮುಸುಕಿನ ಜೋಳವನ್ನು ಗಿರಣಿಯಲ್ಲಿ ತರಿಯಾಗಿ ಒಡೆಸಿ ತಂದದ್ದು ಸರಿಹೋಯಿತು: ಲೀಟರ್ ನೀರಿಗೆ 40 ಗ್ರಾಂ ತರಿ, ಸಣ್ಣ ಉರಿಯಲ್ಲಿ ಒಂದು ಗಂಟೆ, ತೆಳು ಬಟ್ಟೆಯಲ್ಲಿ ಎರಡು ಬಾರಿ ಸೋಸಿ, ಕಡಿಮೆಯಾದ ನೀರು ತುಂಬಿಸಿ, ಅಗಾರ್ 15 ಗ್ರಾಂ, ಟ್ವೀನ್ 80 (ಸೋಪಿನಂಥ ದ್ರವ) ಹತ್ತು ಮಿ.ಲೀ., ಆಟೋಕ್ಲೇವ್. ಟ್ವೀನ್ ಮರೆತರೆ ಎಳೆಗಳೂ ಕ್ಲಾಮಿಡೋಸ್ಪೋರ್‌ಗಳೂ ಸರಿಯಾಗಿ ಬರುವುದಿಲ್ಲ. ಸೋಸಿದ ಅಕ್ಕಿಗಂಜಿಯಿಂದಲೂ ಇದನ್ನು ಮಾಡಬಹುದು, ಕ್ಲಾಮಿಡೋಸ್ಪೋರ್ ಅದರಲ್ಲಿ ಚೆನ್ನಾಗಿ ಬರುತ್ತದೆ. ಪ್ಲೇಟಿಗೆ 5 ರೂಪಾಯಿಯೂ ಬೀಳಲಿಲ್ಲ.

ಹಂತ 6: 42 ಡಿಗ್ರಿಯ ಪೆಟ್ಟಿಗೆ

ಕ್ಯಾಂಡಿಡಾ ಆರಿಸ್ ಅನ್ನು ಮೊದಲು ವಿವರಿಸಿದ್ದು 2009ರಲ್ಲಿ, ಜಪಾನಿನಲ್ಲಿ, ಕಿವಿಯಿಂದ ತೆಗೆದ ಮಾದರಿಯಲ್ಲಿ. ಈಗ ಅದು ಭಾರತದ ಐಸಿಯುಗಳಲ್ಲಿ ರಕ್ತದ ಸೋಂಕು ತರುತ್ತಿದೆ. ಹಾಸಿಗೆ, ಕಂಬಿ, ಉಪಕರಣಗಳ ಮೇಲೆ ಉಳಿದು ರೋಗಿಯಿಂದ ರೋಗಿಗೆ ಹರಡುತ್ತದೆ. ಹೆಸರು ತಡವಾದರೆ ಒಬ್ಬ ರೋಗಿಯ ಸಮಸ್ಯೆ ಇಡೀ ವಾರ್ಡಿನದಾಗುತ್ತದೆ. ಅದು 42 ಡಿಗ್ರಿಯಲ್ಲೂ ಬೆಳೆಯುತ್ತದೆ. ಅದರೊಂದಿಗೆ ಗೊಂದಲವಾಗುವ ಕ್ಯಾಂಡಿಡಾ ಹೆಮುಲೋನಿಯೈ ಎಂಬ ಪ್ರಭೇದ ಬೆಳೆಯುವುದಿಲ್ಲ. ಇದ್ದ ಒಂದೇ ಇನ್‌ಕ್ಯುಬೇಟರಿನ ಉಷ್ಣತೆ ಬದಲಿಸುವಂತಿರಲಿಲ್ಲ, ಹಾಗಾಗಿ ಪೆಟ್ಟಿಗೆ ಕಟ್ಟಿದೆವು.

ಸಾಮಾನು: ದಪ್ಪ ಥರ್ಮಾಕೋಲ್ ಪೆಟ್ಟಿಗೆ 200 ರೂ.; ಎಸ್‌ಟಿಸಿ-1000 ತಾಪಮಾನ ನಿಯಂತ್ರಕ 900 ರೂ.; 25 ವ್ಯಾಟಿನ ಎರಡು ಹಳೇ ಮಾದರಿ ಬಲ್ಬು, ಪಿಂಗಾಣಿ ಹೋಲ್ಡರ್ ಸಹಿತ 200 ರೂ.; ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಮತ್ತು ಅಡಾಪ್ಟರ್ 250 ರೂ.; ಥರ್ಮಲ್ ಫ್ಯೂಸ್, ವೈರ್, ತಂತಿ ಜಾಲರಿ 300 ರೂ. ಒಟ್ಟು 1,850.

ಫ್ಯಾನ್ ಇಲ್ಲದೆ ಮಾಡಿದ ಮೊದಲ ರೂಪದಲ್ಲಿ ಮೇಲಿನ ಜಾಲರಿ 44 ಡಿಗ್ರಿ, ಕೆಳಗಿನದು 40. ಒಂದೇ ಕಂಟ್ರೋಲ್ ಎರಡು ಕಡೆ ಎರಡು ಫಲ ಕೊಟ್ಟಿತು. ಫ್ಯಾನ್ ಹಾಕಿದ ಮೇಲೆ ವ್ಯತ್ಯಾಸ ಅರ್ಧ ಡಿಗ್ರಿಗೆ ಇಳಿಯಿತು. ನಿಯಂತ್ರಕದ ಸೆನ್ಸರ್ ಗಾಳಿಯಲ್ಲಿ ತೂಗಾಡುತ್ತಿದ್ದಾಗ ಬಲ್ಬು ಹತ್ತಿ ಆರಿ ಹತ್ತಿ ಆರುತ್ತಿತ್ತು. ಅದನ್ನು ಗ್ಲಿಸರಿನ್ ತುಂಬಿದ ಚಿಕ್ಕ ಬಾಟಲಿಯೊಳಗೆ ಇಳಿಸಿದೆವು. ಪಕ್ಕದಲ್ಲೇ ಕ್ಯಾಲಿಬ್ರೇಟ್ ಮಾಡಿದ ಗಾಜಿನ ಥರ್ಮಾಮೀಟರ್. ನಿಯಂತ್ರಕ ತೋರಿಸುವುದು 0.7 ಡಿಗ್ರಿ ಹೆಚ್ಚು, ಅಷ್ಟನ್ನು ಸರಿಪಡಿಸಿದೆವು. ಪ್ಲೇಟುಗಳು ಒಣಗಿ ಬಿರುಕು ಬಿಟ್ಟದ್ದರಿಂದ ಸಬುರೋ ಸ್ಲಾಂಟಿಗೆ ಬದಲಾದೆವು.

ಥರ್ಮಾಕೋಲ್ ಉರಿಯುವ ವಸ್ತು. ಬಲ್ಬಿನ ಸುತ್ತ ಜಾಲರಿ, ಸರಣಿಯಲ್ಲಿ 70 ಡಿಗ್ರಿಯ ಥರ್ಮಲ್ ಫ್ಯೂಸ್, ಲೋಹದ ಭಾಗಕ್ಕೆ ಅರ್ತಿಂಗ್, ಪ್ರತ್ಯೇಕ ಎಂಸಿಬಿ. ಇವನ್ನು ಹಾಕದೆ ಯಾರೂ ಇದನ್ನು ರಾತ್ರಿ ಬಿಟ್ಟು ಹೋಗಬೇಡಿ. ವಿದ್ಯುತ್ ಹೋಗುವ ಊರು ನಮ್ಮದು, ಹಾಗಾಗಿ ಪೆಟ್ಟಿಗೆಯನ್ನು ಲ್ಯಾಬಿನ ಯುಪಿಎಸ್ ಲೈನಿಗೆ ಸೇರಿಸಿದೆವು.

42ರಲ್ಲಿ ಬೆಳೆದ ಮಾತ್ರಕ್ಕೆ ಅದು ಆರಿಸ್ ಅಲ್ಲ. ಆಲ್ಬಿಕನ್ಸ್, ಟ್ರಾಪಿಕಾಲಿಸ್, ಗ್ಲಾಬ್ರೇಟಾ ಕೂಡ ಬೆಳೆಯುತ್ತವೆ. ಜರ್ಮ್ ಟ್ಯೂಬ್ ನೆಗೆಟಿವ್, ಜೋಳದ ಅಗಾರಿನಲ್ಲಿ ಎಳೆಯಿಲ್ಲ, ಬಣ್ಣದ ಪ್ಲೇಟಿನಲ್ಲಿ ಬಿಳಿ ಅಥವಾ ನೇರಳೆ ಛಾಯೆ, 42ರಲ್ಲಿ ಬೆಳವಣಿಗೆ: ಈ ನಾಲ್ಕೂ ಕೂಡಿದಾಗ ನಮ್ಮ ಮುಂದೆ ಉಳಿಯುವುದು ಮುಖ್ಯವಾಗಿ ಗ್ಲಾಬ್ರೇಟಾ, ಆರಿಸ್ ಎರಡೇ. ಎರಡನ್ನೂ ನಾವು ಒಂದೇ ರೀತಿ ಗಂಭೀರವಾಗಿ ತೆಗೆದುಕೊಂಡು, ರೋಗಿಯನ್ನು ಪ್ರತ್ಯೇಕಿಸಲು ಐಸಿಯು ಸಿಸ್ಟರ್‌ಗೆ ಹೇಳಿ, ಅದೇ ದಿನ ಸ್ಲಾಂಟನ್ನು ಮೂರು ಪದರದ ಪ್ಯಾಕಿಂಗಿನಲ್ಲಿ ಮಾಲ್ಡಿ-ಟಾಫ್ ಇರುವ ಲ್ಯಾಬಿಗೆ ಕಳುಹಿಸುತ್ತೇವೆ. ಕೆಲವು ಸ್ವಯಂಚಾಲಿತ ಯಂತ್ರಗಳ ಹಳೆಯ ಡೇಟಾಬೇಸ್ ಆರಿಸ್ ಅನ್ನು ಹೆಮುಲೋನಿಯೈ ಎಂದೇ ತೋರಿಸುತ್ತಿದ್ದವು. ಹಾಗೆ ಹೆಸರು ವಾಪಸ್ ಬಂದು ನಮ್ಮ ಪೆಟ್ಟಿಗೆಯಲ್ಲಿ 42ರಲ್ಲಿ ಬೆಳೆದಿದ್ದರೆ, ಮರುಪರೀಕ್ಷೆ ಕೇಳಲು ಕೈಯಲ್ಲಿ ಆಧಾರ ಇರುತ್ತದೆ.

ಈಗ ನಿಂತಿರುವ ಜಾಗ

ಮುಂದಿನ ಕೆಲಸ ಫ್ಲುಕೋನಜೋಲ್ 25 ಮೈಕ್ರೋಗ್ರಾಂ ಡಿಸ್ಕ್ ಪರೀಕ್ಷೆ, ಅಂದರೆ ಔಷಧಿಯ ಬಿಲ್ಲೆಯ ಸುತ್ತ ಯೀಸ್ಟ್ ಬೆಳೆಯದ ವಲಯವನ್ನು ಅಳೆಯುವುದು. ಮುಲ್ಲರ್ ಹಿಂಟನ್ ಅಗಾರಿಗೆ ಶೇ 2 ಗ್ಲೂಕೋಸ್, ಮಿ.ಲೀ.ಗೆ 0.5 ಮೈಕ್ರೋಗ್ರಾಂ ಮಿಥಿಲೀನ್ ಬ್ಲೂ ಸೇರಿಸಬೇಕು. ಮಿಥಿಲೀನ್ ಬ್ಲೂ ಸೇರಿಸಿದ ಪ್ಲೇಟುಗಳು ಸದ್ಯ ಒಂದೇ ಸಮ ಬರುತ್ತಿಲ್ಲ. ಒಂದೇ ಫ್ಲಾಸ್ಕಿನ ಪ್ಲೇಟುಗಳಲ್ಲಿ ಪ್ಯಾರಾಪ್ಸಿಲೋಸಿಸ್ ಎಟಿಸಿಸಿ 22019ರ ವಲಯ ಒಂದರಲ್ಲಿ ಮಿತಿಯೊಳಗೆ, ಇನ್ನೊಂದರಲ್ಲಿ ಮಿತಿಯ ಹೊರಗೆ. ಅಗಾರಿನ ದಪ್ಪ 4 ಮಿ.ಮೀ. ಇರಬೇಕಾದದ್ದು ನಮ್ಮ ಸುರಿಯುವ ಮೇಜಿನ ಓರೆಯಿಂದಾಗಿ ಒಂದು ಬದಿಗೆ 3, ಇನ್ನೊಂದು ಬದಿಗೆ 5 ಆಗುತ್ತಿದೆ ಎಂಬುದು ಅಳೆದಾಗ ತಿಳಿಯಿತು. ಮೇಜಿನ ಕಾಲಿಗೆ ಸ್ಕ್ರೂ ಹಾಕಿ ಮಟ್ಟಗೋಲಿನಿಂದ ಸರಿಮಾಡಿಸುತ್ತಿದ್ದೇವೆ. ಕಂಟ್ರೋಲ್ ಸತತವಾಗಿ ಮಿತಿಯೊಳಗೆ ಬರುವವರೆಗೆ ಯಾವ ರೋಗಿಯ ವರದಿಯಲ್ಲೂ ಈ ಡಿಸ್ಕಿನ ಫಲ ಬರೆಯುವುದಿಲ್ಲ.